ಹಣದ ಪೇಟೆಯಲ್ಲಿ ತೂಕ ನೋಡುವವರು ಯಾರು?

ಮಕ್ಕಳೇ, ಸಂತೆಯಲ್ಲಿ ತರಕಾರಿ ತೂಗುವ ಕಬ್ಬಿಣದ ಬಟ್ಟನ್ನು ಕೈಗೆತ್ತಿಕೊಂಡು ನೋಡಿದ್ದೀರಾ? ಅದರಲ್ಲಿ ಎಲ್ಲೋ ಒಂದು ಕಡೆ ಪುಟ್ಟ ಸರ್ಕಾರಿ ಮುದ್ರೆ ಇರುತ್ತದೆ. ತೂಕ ಮತ್ತು ಅಳತೆಯ ಅಧಿಕಾರಿಗಳು ಪರೀಕ್ಷೆ ಮಾಡಿ ಹಾಕಿದ ಗುರುತು ಅದು. ಟೊಮೆಟೊ ಚೆನ್ನಾಗಿದೆ ಎಂದು ಆ ಮುದ್ರೆ ಹೇಳುವುದಿಲ್ಲ. ಗಟ್ಟಿಯದೋ ಕೊಳೆತದ್ದೋ ನೋಡಿ ಆರಿಸಿಕೊಳ್ಳುವುದು ನಿಮ್ಮ ಕೆಲಸ. ಒಂದು ಕೆ.ಜಿ. ಎಂದರೆ ಒಂದು ಕೆ.ಜಿ.ಯೇ ಎಂಬುದಕ್ಕಷ್ಟೇ ಅದು ಸಾಕ್ಷಿ.

ಷೇರು ಮತ್ತು ಮ್ಯೂಚುವಲ್ ಫಂಡ್‌ಗಳ ಪೇಟೆಯಲ್ಲೂ ಹೀಗೆ ತೂಕ ನೋಡುವ ಸಂಸ್ಥೆಯೊಂದಿದೆ. ಅದೇ ಸೆಬಿ, ಅಂದರೆ ಭಾರತೀಯ ಷೇರು ನಿಯಂತ್ರಣ ಮಂಡಳಿ. ಇದರ ಮುಖ್ಯ ಕಚೇರಿ ಮುಂಬೈಯಲ್ಲಿದೆ.

ಷೇರು ಎಂದರೆ ಪಾಲು

ಒಂದು ಕಂಪನಿಯನ್ನು ಲಕ್ಷಾಂತರ ಪಾಲುಗಳಾಗಿ ಮಾಡಿದರೆ ಒಂದೊಂದು ಪಾಲೂ ಒಂದೊಂದು ಷೇರು. ಶಿರಸಿಯ ಅಜ್ಜಿಯೊಬ್ಬರು ಪುಣೆಯ ಕಾರ್ಖಾನೆಯ ಷೇರು ಕೊಳ್ಳಬಹುದು. ಆದರೆ ಆ ಕಾರ್ಖಾನೆಯನ್ನು ಅವರು ಕಣ್ಣಾರೆ ಕಂಡಿರುವುದಿಲ್ಲ. ಕಂಪನಿ ಬರೆದುಕೊಟ್ಟ ಲೆಕ್ಕಪತ್ರವನ್ನೇ ನಂಬಬೇಕು. ಆ ಲೆಕ್ಕವೇ ಸುಳ್ಳಾದರೆ?

ಸೆಬಿ ಆರಂಭವಾದದ್ದು 1988ರ ಏಪ್ರಿಲ್ 12ರಂದು. ಆಗ ಅದಕ್ಕೆ ಹೆಸರಿತ್ತು, ಹಲ್ಲಿರಲಿಲ್ಲ. ಕಾನೂನಿನ ಬಲ ಬಂದದ್ದು 1992ರಲ್ಲಿ. ಅದೇ ವರ್ಷ ಹರ್ಷದ್ ಮೆಹ್ತಾ ಹಗರಣ ಬಯಲಾದದ್ದು ಅಜ್ಜ-ಅಜ್ಜಿಯರಿಗೆ ನೆನಪಿರಬಹುದು. ಬ್ಯಾಂಕುಗಳ ಹಣವನ್ನು ಷೇರುಪೇಟೆಗೆ ಹರಿಸಿ ಬೆಲೆಗಳನ್ನು ಮುಗಿಲಿಗೇರಿಸಲಾಗಿತ್ತು. ಗುಟ್ಟು ರಟ್ಟಾದಾಗ ಪೇಟೆ ಕುಸಿಯಿತು. ಬೆಲೆ ಏರುತ್ತಿದೆ ಎಂದು ನಂಬಿ ಕೊಂಡಿದ್ದ ಸಾಮಾನ್ಯರು ಕೈ ಸುಟ್ಟುಕೊಂಡರು.

ಕಾನೂನು ಸೆಬಿಗೆ ಮೂರು ಕೆಲಸ ವಹಿಸಿದೆ: ಹೂಡಿಕೆದಾರರ ಹಿತ ಕಾಯುವುದು, ಪೇಟೆಯನ್ನು ಬೆಳೆಸುವುದು, ಅದನ್ನು ನಿಯಂತ್ರಿಸುವುದು. ಹೂಡಿಕೆದಾರರ ಹೆಸರೇ ಮೊದಲು ಬಂದಿದೆ ನೋಡಿ.

ನ್ಯಾಯದ ಆಟ

ಪರೀಕ್ಷೆಯ ಪ್ರಶ್ನೆಪತ್ರಿಕೆ ಒಬ್ಬನಿಗೆ ಮಾತ್ರ ಮೊದಲೇ ಸಿಕ್ಕಿದರೆ ಉಳಿದವರಿಗೆ ಅನ್ಯಾಯವಲ್ಲವೇ? ಷೇರುಪೇಟೆಯಲ್ಲೂ ಇಂಥದ್ದು ನಡೆಯುತ್ತದೆ. ಕಂಪನಿಗೆ ದೊಡ್ಡ ಲಾಭ ಬಂದ ಸುದ್ದಿ ಹೊರಬೀಳುವ ಮುನ್ನವೇ ಅಧಿಕಾರಿಯೊಬ್ಬ ಗುಟ್ಟಾಗಿ ಷೇರು ಕೊಂಡುಬಿಡುತ್ತಾನೆ. ಇದು ಅಪರಾಧ. ಸೆಬಿ ಇಂಥವರನ್ನು ಹುಡುಕಿ ದಂಡ ಹಾಕುತ್ತದೆ, ಪೇಟೆಯಿಂದ ಹೊರಗಿಡುತ್ತದೆ. ಕಂಪನಿಗಳು ಮುಖ್ಯ ಸುದ್ದಿಯನ್ನು ಎಲ್ಲರಿಗೂ ಒಟ್ಟಿಗೆ ತಿಳಿಸಬೇಕು. ಬ್ರೋಕರ್‌ಗಳು, ಹೂಡಿಕೆ ಸಲಹೆಗಾರರು ನೋಂದಣಿ ಮಾಡಿಸಿಕೊಂಡೇ ವ್ಯವಹಾರ ಮಾಡಬೇಕು.

ಹಾಗಾದರೆ ಷೇರು ಕೊಂಡವರಿಗೆ ಲಾಭ ಖಂಡಿತವೇ? ಇಲ್ಲ. ಬ್ಯಾಂಕ್ ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆಯ ರಕ್ಷಣೆ ಇದೆ. ಷೇರಿಗೆ ಅಂಥ ರಕ್ಷಣೆ ಇಲ್ಲ. ನಷ್ಟದ ಸತ್ಯವನ್ನು ಸೆಬಿಯೇ ಹೇಳಿದೆ. 2024ರ ಮಾರ್ಚ್‌ವರೆಗಿನ ಮೂರು ವರ್ಷಗಳ ಲೆಕ್ಕ ತೆಗೆದಾಗ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಹಿವಾಟಿಗೆ ಇಳಿದ ವೈಯಕ್ತಿಕ ಹೂಡಿಕೆದಾರರಲ್ಲಿ 100ಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದರು.

ಲಾರಿಗಟ್ಟಲೆ ಕಾಗದ

ಹೋದ ಹಣವನ್ನು ಮರಳಿ ತರುವುದು ಎಷ್ಟು ಕಷ್ಟ ಎಂಬುದಕ್ಕೆ ಸಹಾರಾ ಪ್ರಕರಣವೇ ಸಾಕ್ಷಿ. ಸಹಾರಾ ಗುಂಪಿನ ಎರಡು ಕಂಪನಿಗಳು ಸುಮಾರು 3 ಕೋಟಿ ಜನರಿಂದ 24,000 ಕೋಟಿ ರೂಪಾಯಿಗೂ ಹೆಚ್ಚು ಹಣ ಸಂಗ್ರಹಿಸಿದ್ದವು. ಅಷ್ಟೊಂದು ಜನರಿಂದ ಹಣ ಎತ್ತುವಾಗ ಪಾಲಿಸಬೇಕಾದ ನಿಯಮಗಳನ್ನು ಅವು ಪಾಲಿಸಿಲ್ಲ ಎಂದು ಸೆಬಿ ಹೇಳಿತು. 2012ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಶೇ 15ರ ಬಡ್ಡಿ ಸೇರಿಸಿ ಹಣ ವಾಪಸು ಮಾಡಿ ಎಂದು ಆದೇಶಿಸಿತು. ಆಮೇಲೆ ಹೂಡಿಕೆದಾರರ ದಾಖಲೆಗಳೆಂದು ಮುಂಬೈಗೆ ಬಂದದ್ದು ನೂರಕ್ಕೂ ಹೆಚ್ಚು ಲಾರಿ ತುಂಬ ಕಾಗದ! ಯಾರ ಹಣ ಎಷ್ಟು ಎಂದು ತಾಳೆ ನೋಡುವುದರಲ್ಲೇ ವರ್ಷಗಳು ಉರುಳಿದವು.

ಕೊಟ್ಟ ಮೇಲೆ ಹುಡುಕುವುದಕ್ಕೆ ವರ್ಷಗಳು ಬೇಕು. ಕೊಡುವ ಮೊದಲು ವಿಚಾರಿಸಲು ಐದು ನಿಮಿಷ ಸಾಕು.

ಅಜ್ಜನ ಅನುಭವ, ಮೊಮ್ಮಗಳ ಬೆರಳು

ಈಗಿನ ಮೋಸಗಾರರು ಮನೆ ಬಾಗಿಲಿಗೆ ಬರುವುದಿಲ್ಲ, ಫೋನಿನೊಳಗೇ ಬರುತ್ತಾರೆ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿಕೊಂಡು ‘ತಿಂಗಳಲ್ಲಿ ಹಣ ದುಪ್ಪಟ್ಟು’ ಎನ್ನುತ್ತಾರೆ. ಗುಂಪಿನಲ್ಲಿ ಹತ್ತಾರು ಮಂದಿ ‘ನನಗೂ ಲಾಭ ಬಂತು’ ಎಂದು ದನಿಗೂಡಿಸುತ್ತಾರೆ. ಅವರೆಲ್ಲ ಅದೇ ತಂಡದವರಿರಬಹುದು. ನಕಲಿ ಆ್ಯಪ್‌ನಲ್ಲಿ ಲಾಭದ ಅಂಕಿ ಬೆಳೆಯುತ್ತಲೇ ಇರುತ್ತದೆ. ವಾಪಸು ಪಡೆಯಲು ಹೋದಾಗ ‘ಮೊದಲು ತೆರಿಗೆ ಕಟ್ಟಿ’ ಎಂದು ಇನ್ನಷ್ಟು ಹಣ ಕೇಳುತ್ತಾರೆ.

ಅಜ್ಜ-ಅಜ್ಜಿಯರೇ, ನಿವೃತ್ತಿಯ ಹಣಕ್ಕೆ ಕೈ ಹಾಕುವ ಮೊದಲು ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಫೋನ್ ಬಳಕೆ ಅವರಿಗೆ ಗೊತ್ತು, ಮನುಷ್ಯರನ್ನು ಅಳೆಯುವುದು ನಿಮಗೆ ಗೊತ್ತು. ಇಬ್ಬರೂ ಸೇರಿ ಇಷ್ಟು ಮಾಡಿ:

1. ‘ನಿಮ್ಮ ಸೆಬಿ ನೋಂದಣಿ ಸಂಖ್ಯೆ ಏನು?’ ಎಂದು ಕೇಳಿ. ಅದು ನಿಜವೇ ಎಂದು ಸೆಬಿಯ ಜಾಲತಾಣಕ್ಕೆ ನೀವೇ ಹೋಗಿ ನೋಡಿ. ಅವರು ಕಳಿಸಿದ ಲಿಂಕ್ ಒತ್ತಬೇಡಿ. ಹೆಸರು ಕದ್ದು ಬಳಸುವವರೂ ಇದ್ದಾರೆ, ಆದ್ದರಿಂದ ಅಲ್ಲಿರುವ ಫೋನ್ ಸಂಖ್ಯೆಗೇ ಕರೆ ಮಾಡಿ ಖಚಿತಪಡಿಸಿಕೊಳ್ಳಿ.

2. ಖಚಿತ ಲಾಭದ ಮಾತು ಬಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಷೇರಿನಲ್ಲಿ ಇಷ್ಟೇ ಲಾಭ ಖಂಡಿತ ಎಂದು ಭರವಸೆ ಕೊಡಲು ನೋಂದಾಯಿತ ಸಲಹೆಗಾರರಿಗೂ ಅನುಮತಿ ಇಲ್ಲ.

3. ನೋಂದಾಯಿತ ಬ್ರೋಕರ್ ಅಥವಾ ಕಂಪನಿಯಿಂದ ಅನ್ಯಾಯವಾದರೆ ಮೊದಲು ಅವರಿಗೇ ದೂರು ಕೊಡಿ. ಸರಿಹೋಗದಿದ್ದರೆ ಸೆಬಿಯ ‘ಸ್ಕೋರ್ಸ್’ ಜಾಲತಾಣದಲ್ಲಿ ದೂರು ದಾಖಲಿಸಿ. ಅಲ್ಲಿ ಬಂದ ದೂರಿಗೆ ಅವರು 21 ದಿನಗಳೊಳಗೆ ಉತ್ತರ ಕೊಡಬೇಕು.

4. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ನಾಚಿಕೆಯಿಂದ ಮುಚ್ಚಿಟ್ಟರೆ ಲಾಭ ಕಳ್ಳನಿಗೇ.

ಮಕ್ಕಳೇ, ಅಜ್ಜ ಮೋಸಹೋದರೆಂದು ಗೊತ್ತಾದರೆ ‘ಅಷ್ಟೂ ತಿಳಿಯಲಿಲ್ಲವೇ?’ ಎಂದು ಹಂಗಿಸಬೇಡಿ. ಓದಿ ಬರೆದು ದೊಡ್ಡ ಕೆಲಸದಲ್ಲಿದ್ದವರೂ ಈ ಬಲೆಗೆ ಬಿದ್ದಿದ್ದಾರೆ. ಮೊದಲು ಪಕ್ಕದಲ್ಲಿ ಕುಳಿತು 1930 ಒತ್ತಿಕೊಡಿ. ಉಳಿದ ಮಾತು ಆಮೇಲೆ.