ಯೆಜ್ಡಿಗೆ ಮರಳುವ ಮುನ್ನ

ಮೈಸೂರಿನಲ್ಲಿ ಐವತ್ತು ದಾಟಿದ ಅನೇಕರಿಗೆ ಕಾಲೇಜು ದಿನಗಳ ಬೈಕು ಅಂದರೆ ಜಾವಾ ಇಲ್ಲವೇ ಯೆಜ್ಡಿ. ಸ್ವಂತದ್ದಲ್ಲದಿದ್ದರೆ ಅಣ್ಣನದು, ಅಣ್ಣನದಲ್ಲದಿದ್ದರೆ ಪಕ್ಕದ ಮನೆಯವರದು. ಸಂಸಾರ, ಕಾರು ಬಂದ ಮೇಲೆ ಅದನ್ನು ಯಾರಿಗೋ ದಾಟಿಸಿದವರು, ಮಕ್ಕಳು ದೊಡ್ಡವರಾಗಿ ಭಾನುವಾರಗಳು ಕೈಗೆ ಸಿಕ್ಕ ಕಾಲಕ್ಕೆ ಮತ್ತೆ ಒಂದು ಗಾಡಿ ಇಟ್ಟುಕೊಳ್ಳೋಣ ಅಂತ ಹೊರಡುತ್ತಾರೆ. ಎಲ್ಲರೂ ಮೊದಲು ಕೇಳುವುದು, "ಎಷ್ಟಕ್ಕೆ ಸಿಗುತ್ತೆ?" ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ದಾರಿಯಲ್ಲಿ ಕೆಟ್ಟು ನಿಂತರೆ ಯಾರಿಗೆ ಫೋನ್ ಮಾಡುತ್ತೀರಿ? ಕಾರ್ಖಾನೆ ಮುಚ್ಚಿ ಸುಮಾರು ಮೂವತ್ತು ವರ್ಷವಾದ ಈ ಗಾಡಿಗೆ ಷೋರೂಮಿಲ್ಲ, ಸರ್ವಿಸ್ ಸೆಂಟರಿಲ್ಲ. ಅದನ್ನು ಇವತ್ತಿಗೂ ಓಡಿಸುತ್ತಿರುವುದು ಜನ. ಹಾಗಾಗಿ ಮೊದಲು ಆ ಜನರನ್ನು ಹುಡುಕಿ, ಗಾಡಿ ಆಮೇಲೆ.

ಆ ಜನ ಮೈಸೂರಿನಲ್ಲೇ ಇಷ್ಟೊಂದಿರುವುದಕ್ಕೆ ಕಾರಣ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. ವಿದೇಶಿ ಬೈಕುಗಳ ಆಮದಿಗೆ ಸರ್ಕಾರ ತಡೆ ಹಾಕಿದ ಮೇಲೆ, ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಲೈಸೆನ್ಸ್ ಪಡೆದು 1960ರಲ್ಲಿ ಈ ಕಂಪನಿ ಕಟ್ಟಿದರು. ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಗೇಟು ಮುಚ್ಚಿದರೂ ಕ್ರ್ಯಾಂಕ್ ಕೂರಿಸುವ, ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ಕೈಗಳು ಊರಲ್ಲೇ ಉಳಿದವು. ಆ ಕಸುಬು ಗ್ಯಾರೇಜುಗಳಿಗೆ, ಅಲ್ಲಿಂದ ಶಿಷ್ಯರಿಗೆ ಇಳಿಯಿತು. ಬೇರೆ ಊರಿನವರು ಎಂಜಿನ್ನನ್ನು ಮೈಸೂರಿಗೆ ಕಳಿಸಿ ರಿಪೇರಿ ಮಾಡಿಸಿಕೊಳ್ಳುವುದು ಇದಕ್ಕೇ. ನೀವು ಇಲ್ಲಿಯವರೇ ಆಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಈ ಗಾಡಿಗಳ ಮಾಲೀಕರ ಗುಂಪು ಸೇರುವುದಕ್ಕೆ ಬೈಕು ಇರಲೇಬೇಕೆಂದಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ಯೆಜ್ಡಿ ದಿನ. ಅವತ್ತು ಮೈಸೂರು, ಬೆಂಗಳೂರು ಸೇರಿದಂತೆ ಹಲವು ಊರುಗಳಲ್ಲಿ ಗಾಡಿಗಳು ಸಾಲುಗಟ್ಟುತ್ತವೆ. ಅರವತ್ತರ ದಶಕದ ಜಾವಾದಿಂದ ಕೊನೆಯ ವರ್ಷಗಳ ರೋಡ್‌ಕಿಂಗ್ ತನಕ ಒಂದೇ ಕಡೆ ನೋಡಲು, ಮಾಲೀಕರನ್ನು ನೇರವಾಗಿ ಮಾತಾಡಿಸಲು ಅದಕ್ಕಿಂತ ಒಳ್ಳೆಯ ದಿನ ಸಿಗದು. ಜುಲೈ ದೂರವಿದ್ದರೆ ಹಳೆಯ ಮೆಕ್ಯಾನಿಕ್ ಒಬ್ಬರ ಅಂಗಡಿ ಮುಂದೆ ಎರಡು ಶನಿವಾರ ಸಂಜೆ ಕೂತರೆ ಸಾಕು, ವಾಟ್ಸಾಪ್ ಗುಂಪಿಗೆ ಸೇರಿಸುವವರು ಅಲ್ಲೇ ಸಿಗುತ್ತಾರೆ. ಸೇರಿದ ಮೇಲೆ ಕೆಲವು ದಿನ ಸುಮ್ಮನೆ ಓದಿ. ಯಾರ ಮಾತಿಗೆ ತೂಕವಿದೆ, ಯಾರು ಪಾರ್ಟ್ಸ್ ಮಾರುವವರು, ಯಾರು ಕರೆದ ಕೂಡಲೇ ಸ್ಪ್ಯಾನರ್ ಹಿಡಿದು ಬರುವವರು ಎಂಬುದು ತಾನಾಗಿ ತಿಳಿಯುತ್ತದೆ. ಸಹಾಯ ಕೇಳುವಾಗ "ಗಾಡಿ ಸ್ಟಾರ್ಟ್ ಆಗ್ತಿಲ್ಲ" ಎಂದಷ್ಟೇ ಬರೆದರೆ ಯಾರೂ ಏನೂ ಹೇಳಲಾರರು. ಮಾಡೆಲ್ ಯಾವುದು, ಪಾಯಿಂಟಾ ಎಲೆಕ್ಟ್ರಾನಿಕ್ ಇಗ್ನಿಷನ್ನಾ, ಪ್ಲಗ್‌ನಲ್ಲಿ ಕಿಡಿ ಬರುತ್ತದೆಯೇ, ಪ್ಲಗ್ ಒದ್ದೆಯೋ ಒಣಗಿದೆಯೋ ಎಂದು ಬರೆದು ಒಂದು ಫೋಟೊ ಹಾಕಿದರೆ ಹತ್ತು ನಿಮಿಷದಲ್ಲಿ ದಾರಿ ಕಾಣುತ್ತದೆ. ಗುಂಪಿನಿಂದ ಆಗುವ ಇನ್ನೊಂದು ದೊಡ್ಡ ಉಪಕಾರ ಬಿಡಿಭಾಗದ್ದು. ಅಂಗಡಿಯಲ್ಲಿ ಸಿಗದ ಬುಷ್ಷು, ರಬ್ಬರು, ಗ್ಯಾಸ್ಕೆಟ್ಟನ್ನು ಹಲವರು ಸೇರಿ ಒಟ್ಟಿಗೆ ಮಾಡಿಸಿದರೆ ಲೇತಿನವರೂ ಒಪ್ಪುತ್ತಾರೆ, ಒಬ್ಬೊಬ್ಬರ ಖರ್ಚೂ ಇಳಿಯುತ್ತದೆ.

ಗಾಡಿ ನೋಡಲು ಹೋಗುವಾಗ ಗುಂಪಿನ ಒಬ್ಬ ಅನುಭವಿಯನ್ನು ಕರೆದುಕೊಂಡು ಹೋಗಿ. ಹೊಳೆಯುವ ಬಣ್ಣ, ಕ್ರೋಮು ಕಂಡು ಮುಂಗಡ ಕೊಡುವುದು ಬೇಡ. ಫೋಟೊ ನೋಡಿ ಹಣ ಕಳಿಸುವುದಂತೂ ಬೇಡವೇ ಬೇಡ. ಮೊದಲು ನೋಡಬೇಕಾದ್ದು ಎಂಜಿನ್ ನಂಬರ್, ಚಾಸಿ ನಂಬರ್. ಇವೆರಡೂ ಆರ್‌ಸಿಯಲ್ಲಿರುವುದಕ್ಕೆ ಅಕ್ಷರಕ್ಕಕ್ಷರ ಹೊಂದಬೇಕು. ಇಷ್ಟು ವರ್ಷಗಳಲ್ಲಿ ಒಂದು ಗಾಡಿಯ ಎಂಜಿನ್ ಇನ್ನೊಂದರ ಚೌಕಟ್ಟಿಗೆ ಬಂದಿರುವುದು ಸಾಮಾನ್ಯ. ದಾಖಲೆಯಲ್ಲಿ ಅದನ್ನು ಬರೆಸದೆ ಇದ್ದರೆ ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸಿದ ದಿನ ಎಲ್ಲವೂ ಅಲ್ಲೇ ನಿಲ್ಲುತ್ತದೆ.

ಆಮೇಲೆ ಎಂಜಿನ್. ಇದು ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಲಿವರನ್ನು ಒಳಗೆ ಒತ್ತಿ ತಿರುಗಿಸಿದರೆ ಕಿಕ್ಕರ್, ಒದ್ದ ಮೇಲೆ ಮತ್ತೆ ಗೇರ್. ಗೇರ್ ಲಿವರ್ ಒತ್ತಿದಾಗ ಒಳಗೆ ಕ್ಲಚ್ಚೂ ತಾನಾಗಿ ಬಿಡುತ್ತದೆ. ಈ ಏರ್ಪಾಡಿನ ಅಡ್ಜಸ್ಟ್‌ಮೆಂಟ್ ತಪ್ಪಿದ್ದರೆ ಗೇರು ಕಿರುಗುಟ್ಟುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಅದು ಸಣ್ಣ ಕೆಲಸ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಹೊಗೆಗೆ. ತಣ್ಣಗಿದ್ದ ಗಾಡಿ ಶುರುವಿನಲ್ಲಿ ಹೊಗೆ ಬಿಡುವುದು ಸಹಜ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಗೇರ್ ಆಯಿಲ್ ಮಟ್ಟ ಇಳಿಯುತ್ತಿದ್ದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ, ಎಂಜಿನ್ ಗೇರ್‌ಬಾಕ್ಸಿನ ಎಣ್ಣೆ ಕುಡಿಯುತ್ತಿದೆ ಎಂದರ್ಥ. ಡೈನಮೊ ಕಡೆಯ ಸೀಲ್ ಹೋಗಿದ್ದರೆ ಲಕ್ಷಣ ಬೇರೆ. ಅಲ್ಲಿಂದ ಗಾಳಿ ಒಳಗೆ ಬಂದು ಐಡ್ಲಿಂಗ್ ತಾನಾಗಿ ಏರುತ್ತದೆ, ಎಂಜಿನ್ ಬೇಗ ಕಾಯುತ್ತದೆ. ಸೀಲ್ ಬದಲಿಸಲು ಎಂಜಿನ್ ಇಳಿಸಿ ಬಿಚ್ಚಬೇಕಾಗಬಹುದು. ಬಿಚ್ಚಿದ ಮೇಲೆ ಕನೆಕ್ಟಿಂಗ್ ರಾಡು, ಬೇರಿಂಗು, ಬೋರು ಎಲ್ಲವನ್ನೂ ಒಮ್ಮೆಗೇ ನೋಡಿಸಿಬಿಡುವುದು ಜಾಣತನ. ಬೋರ್ ಸವೆದಿದ್ದರೆ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಈಗಾಗಲೇ ಎಷ್ಟು ಸಲ ಕೊರೆಸಿದ್ದಾರೆ ಎಂದು ಕೇಳಿ, ಸಿಲಿಂಡರಿನ ಉಳಿದ ಆಯುಷ್ಯ ಅದರಲ್ಲಿದೆ. ಗಾಡಿ ಎಳೆಯುತ್ತಿಲ್ಲ, ಸದ್ದು ಮಾತ್ರ ಮಂಕಾಗಿದೆ ಎಂದರೆ ಅನೇಕ ಸಲ ಸೈಲೆನ್ಸರ್ ಮತ್ತು ಎಕ್ಸಾಸ್ಟ್ ಪೋರ್ಟಿನಲ್ಲಿ ಮಸಿ ಕಟ್ಟಿರುತ್ತದೆ. ಡೀಕಾರ್ಬ್ ಮಾಡಿಸಿದರೆ ಗಾಡಿಗೆ ಉಸಿರು ಬರುತ್ತದೆ.

ಪೆಟ್ರೋಲಿನ ವಿಷಯದಲ್ಲಿ ಹಳೆಯ ರೂಢಿ ಸಾಲದು. ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಲೀಟರಿಗೆ 40 ಮಿಲಿ ಟೂ-ಟಿ ಆಯಿಲ್, 5 ಲೀಟರ್ ಹಾಕಿಸಿದರೆ 200 ಮಿಲಿ. ಮೊದಲು ಎಣ್ಣೆ ಸುರಿದು ಮೇಲೆ ಪೆಟ್ರೋಲ್ ಹಾಕಿಸಿದರೆ ಚೆನ್ನಾಗಿ ಬೆರೆಯುತ್ತದೆ. "ಇನ್ನೊಂದಿಷ್ಟು ಇರಲಿ" ಎಂದು ಎಣ್ಣೆ ಹೆಚ್ಚಿಸಿದರೆ ಪ್ಲಗ್ ಕಪ್ಪಾಗುತ್ತದೆ, ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತೀರಿ. ಈಗ ಬಂಕಿನಲ್ಲಿ ಬರುವುದು ಸಾಮಾನ್ಯವಾಗಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುವುದು, ಹಳೆಯ ರಬ್ಬರ್ ಪೈಪು ಉಬ್ಬಿ ಬಿರುಕು ಬಿಡುವುದು ಇದರಿಂದಲೇ. ಕಾರ್ಖಾನೆಯ ಕಾಲದ ರಬ್ಬರನ್ನೆಲ್ಲ ಕಿತ್ತು ಎಥನಾಲ್ ತಡೆಯುವ ಪೈಪು, ವಾಷರ್ ಹಾಕಿಸಿ. ವಾರಗಟ್ಟಲೆ ಓಡಿಸುವುದಿಲ್ಲವೆಂದರೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನೇ ಆರುವ ತನಕ ಓಡಿಸಿ ಕಾರ್ಬೊರೇಟರ್ ಖಾಲಿ ಮಾಡಿ. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ, ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯಬಹುದು. ಪ್ಲಗ್ ತುದಿ ಬಿಸ್ಕತ್ತಿನ ಬಣ್ಣವಿದ್ದರೆ ಸರಿ, ಬೆಳ್ಳಗಿದ್ದರೆ ಕಾರ್ಬೊರೇಟರನ್ನು ತಿಳಿದವರಿಂದ ಹೊಂದಿಸಿಕೊಳ್ಳಿ.

ಚಾಮುಂಡಿ ಬೆಟ್ಟ ಹತ್ತುವುದು ಮೈಸೂರಿನಲ್ಲಿ ಪ್ರತಿ ಗಾಡಿಗೂ ಆಗುವ ಪರೀಕ್ಷೆ. ನನಗೆ ಇಳಿಯುವುದರ ಬಗ್ಗೆಯೇ ಹೆಚ್ಚು ಕಾಳಜಿ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಜೋರಾಗಿ ಇಳಿಯುವಾಗ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಮಾತ್ರ ತೀರಾ ಕಡಿಮೆ ಹೋಗುತ್ತಿರುತ್ತದೆ. ಪೆಟ್ರೋಲ್ ಕಡಿಮೆಯೆಂದರೆ ಎಣ್ಣೆಯೂ ಕಡಿಮೆ. ಆಗಾಗ ಆಕ್ಸಿಲರೇಟರ್ ಸ್ವಲ್ಪ ತಿರುವಿ ಎಣ್ಣೆ ಕೊಡಿ. ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು. ಉದ್ದಕ್ಕೂ ಒತ್ತಿ ಹಿಡಿದರೆ ಕಾದು ಹಿಡಿತ ಸಡಿಲವಾಗುತ್ತದೆ. ಒತ್ತಿ ಬಿಡಿ, ಒತ್ತಿ ಬಿಡಿ. ಇಪ್ಪತ್ತು ವರ್ಷ ಕಾರಿನ ಬ್ರೇಕಿಗೆ ಒಗ್ಗಿದ ಕಾಲು ಇದನ್ನು ಹೊಸದಾಗಿ ಕಲಿಯಬೇಕು. ಮೊದಲ ಕೆಲವು ವಾರ ಬೆಳಗಿನ ಖಾಲಿ ರಸ್ತೆಗಳಲ್ಲಷ್ಟೇ ಓಡಿಸಿ, ಬೆಟ್ಟ ಆಮೇಲೆ ಇದ್ದೇ ಇದೆ. 6 ವೋಲ್ಟಿನ ಹಳೆಯ ಗಾಡಿಗಳ ದೀಪ ಇವತ್ತಿನ ರಸ್ತೆಗೆ ಸಾಲದು. ಮೂಲ ಸ್ಥಿತಿ ಕೆಡುತ್ತದೆ ಎನ್ನುವವರ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ದಿನಬಳಕೆಗೆ 12 ವೋಲ್ಟಿಗೆ ಬದಲಿಸುವವರ ಪರ ನಾನು. ಎದುರಿನ ಲಾರಿಯವನಿಗೆ ನೀವು ಕಾಣಬೇಕು.

ಇನ್ನು ಕಾಗದಪತ್ರ. ನಿಮ್ಮ ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಬರೀ ನವೀಕರಣವಾಗದು, ಮತ್ತೆ ಪರೀಕ್ಷೆ ಕೊಡಬೇಕು. ಗಾಡಿಯ ವಿಷಯಕ್ಕೆ ಬಂದರೆ, ನೋಂದಣಿ 15 ವರ್ಷಕ್ಕೆ ಮುಗಿದು ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅರ್ಜಿ ಫಾರಂ 25. 2025ರ ಆಗಸ್ಟಿನ ನಿಯಮದಂತೆ 20 ವರ್ಷ ಮೀರಿದ ಬೈಕಿಗೆ ನವೀಕರಣ ಶುಲ್ಕ 2,000 ರೂಪಾಯಿ, ಹಸಿರು ತೆರಿಗೆ ಬೇರೆ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಆರ್‌ಸಿಯಲ್ಲಿರುವ ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ವರ್ಗವಾಗಬೇಕು. ಹಳೆಯ ಜಾವಾಗಳಲ್ಲಿ ಬಹಳ ಸಲ ಸಿಕ್ಕಿಕೊಳ್ಳುವ ಗಂಟು ಇದೇ, ಹಣ ಕೊಡುವ ಮೊದಲೇ ಬಿಡಿಸಿಕೊಳ್ಳಿ. ಇನ್ನೊಂದು ಗಂಟು ಕಂಪ್ಯೂಟರಿನದು. ಪುಸ್ತಕದ ಆರ್‌ಸಿ ಇರುವ ಎಷ್ಟೋ ಗಾಡಿಗಳು ಪರಿವಾಹನ್ ಜಾಲತಾಣದಲ್ಲಿ ಕಾಣುವುದಿಲ್ಲ. ನೋಂದಣಿ ಮಾಡಿದ ಆರ್‌ಟಿಒದಲ್ಲೇ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿದರೆ ಮುಂದಿನ ಕೆಲಸಗಳೆಲ್ಲ ಸುಗಮ. ಥರ್ಡ್ ಪಾರ್ಟಿ ವಿಮೆ, ಹೊಗೆ ತಪಾಸಣೆ ಪತ್ರ ಎರಡೂ ಕಡ್ಡಾಯ. 2000ನೇ ಇಸವಿಗೆ ಮೊದಲಿನ ಟೂ ಸ್ಟ್ರೋಕ್ ಬೈಕಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 4.5, ಕಾರ್ಬೊರೇಟರ್ ಸರಿಯಿರುವ ಯೆಜ್ಡಿ ಈ ಮಿತಿಯೊಳಗೆ ಇರುವುದು ಕಷ್ಟವಲ್ಲ. 50 ವರ್ಷ ಮೀರಿ ಮೂಲ ರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಉಂಟು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ರಸ್ತೆಯಲ್ಲಿ ನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿಗಷ್ಟೇ ಇಡುವವರಿಗೆ ಅದು ಸರಿ, ವಾರಕ್ಕೊಮ್ಮೆಯಾದರೂ ಓಡಿಸುವ ಆಸೆಯಿದ್ದವರಿಗೆ ಸಾಮಾನ್ಯ ನವೀಕರಣವೇ ವಾಸಿ.

ಈ ರಿಪೇರಿ, ಓಡಾಟ ಯಾವುದೂ ಬೇಡ, ಹೆಸರಿನ ನಂಟು ಸಾಕು ಎನ್ನುವವರಿಗೆ 2018ರ ನವೆಂಬರಿನಲ್ಲಿ ಮತ್ತೆ ಬಂದ ಜಾವಾ, 2022ರ ಜನವರಿಯಲ್ಲಿ ಬಂದ ಯೆಜ್ಡಿ ಇವೆ. ಅವು ಫೋರ್ ಸ್ಟ್ರೋಕ್, ತಯಾರಾಗುವುದು ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ. ರುಸ್ತುಂ ಇರಾನಿಯವರ ಮಗ ಬೋಮನ್ ಇರಾನಿ ಅವನ್ನು ತಯಾರಿಸುವ ಕಂಪನಿಯ ಪಾಲುದಾರರಲ್ಲಿ ಒಬ್ಬರು. ಒಳ್ಳೆಯ ಬೈಕುಗಳೇ. ಆದರೆ ಆ ಎರಡು ಸೈಲೆನ್ಸರಿನ ಟೂ ಸ್ಟ್ರೋಕ್ ಸದ್ದಿಗಾಗಿ ಮರಳುತ್ತಿರುವವರು ಯಾದವಗಿರಿಯ ಗಾಡಿಯನ್ನೇ ಹುಡುಕಬೇಕು.

ಗುಂಪಿನೊಂದಿಗೆ ಮೊದಲ ಸಲ ಹೊರಡುವಾಗ ಶ್ರೀರಂಗಪಟ್ಟಣವೋ ತಲಕಾಡೋ ಸಾಕು. ಸಾಲಿನ ಮುಂದೆ ದಾರಿ ಬಲ್ಲವರು, ಕಟ್ಟಕಡೆಗೆ ರಿಪೇರಿ ಬಲ್ಲವರು ಇರುತ್ತಾರೆ, ಹೊಸಬರನ್ನು ನಡುವೆ ಬಿಡುತ್ತಾರೆ. ಮುಂದಿನವರ ನೇರ ಹಿಂದೆ ಹೋಗದೆ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಸರಿದು ಅಂತರ ಇಟ್ಟುಕೊಳ್ಳುವುದು ಕ್ರಮ. ಒಂದು ಹೆಚ್ಚಿನ ಪ್ಲಗ್, ಪ್ಲಗ್ ಸ್ಪ್ಯಾನರ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಫ್ಯೂಸು, ಟೂ-ಟಿ ಆಯಿಲ್ ಬಾಟಲಿ ಜೊತೆಗಿರಲಿ. ಹಿಂದೆ ಕೂರುವವರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಬೇಕು. ಬೆಂಗಳೂರಿನ ಗುಂಪನ್ನು ಸೇರಲು ಹೊರಟರೆ 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಗುಂಡ್ಲುಪೇಟೆ ದಾಟಿ ವಯನಾಡಿನ ಕಡೆ ಹೋಗುವವರು ಬಂಡೀಪುರದ ಕಾಡಿನ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ ಎಂಬ ಲೆಕ್ಕ ಇಟ್ಟುಕೊಂಡು, ದಾರಿಯಲ್ಲಿ ಪಂಕ್ಚರಿಗೂ ಒಂದು ಗಂಟೆ ಸೇರಿಸಿ ಹೊರಡಿ.