ಬಿಸಿನೀರಿನ ಸ್ನಾನವೂ ಮೂರ್ಛೆರೋಗವೂ



ದಿನವೆಲ್ಲ ಹೊಲದಲ್ಲಿ ದುಡಿದು ಬಂದು, ಹಂಡೆಯ ಬಿಸಿನೀರನ್ನು ತಲೆಗೆ ಸುರಿದುಕೊಂಡರೆ ಮೈಯ ದಣಿವೆಲ್ಲ ಇಳಿಯುತ್ತದೆ. ಆದರೆ ಕೆಲವರಿಗೆ ಹೀಗೆ ಸ್ನಾನ ಮಾಡುತ್ತಿರುವಾಗಲೇ ದೃಷ್ಟಿ ನೆಟ್ಟು, ಮಾತು ತೊದಲಿ, ಎಚ್ಚರ ತಪ್ಪುತ್ತದೆ. ಕೆಲವರು ಮೈಮರೆತು ನೀರನ್ನು ಸುರಿದುಕೊಳ್ಳುತ್ತಲೇ ಇರುತ್ತಾರೆ. ಇನ್ನು ಕೆಲವರು ಕೈಕಾಲು ಸೆಟೆದು ಬೀಳುತ್ತಾರೆ. ಬಚ್ಚಲಲ್ಲಿ ಗಾಳಿ ಸೋಕಿತೆಂದು ಮನೆಯವರು ತಾಯಿತ ಕಟ್ಟಿಸುವುದುಂಟು. ಇದು ಗಾಳಿಯಲ್ಲ, ಶಾಪವಲ್ಲ. ಮೂರ್ಛೆರೋಗದ ಒಂದು ಬಗೆ. ಇದಕ್ಕೆ ಚಿಕಿತ್ಸೆ ಉಂಟು.

ರೋಗ ಬರುವ ಬಗೆ

ನಮ್ಮ ಮಿದುಳು ಬಹು ಸಣ್ಣ ಪ್ರಮಾಣದ ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ. ಈ ವಿದ್ಯುತ್ತು ಇದ್ದಕ್ಕಿದ್ದಂತೆ ಏರುಪೇರಾದರೆ ಮೂರ್ಛೆ ಬರುತ್ತದೆ. ಚೆನ್ನಾಗಿ ಕಾದ ನೀರು ಚೆಂಬುಚೆಂಬಾಗಿ ತಲೆಯ ಮೇಲೆ ಬಿದ್ದಾಗ ಕೆಲವರ ಮಿದುಳಿನಲ್ಲಿ ಹೀಗಾಗುತ್ತದೆ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದು ಇರುವುದುಂಟು.

ಈ ರೋಗ ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ನಮ್ಮ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ಡಾ. ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ ಇಂತಹ 108 ರೋಗಿಗಳ ವಿವರವನ್ನು 1974ರಲ್ಲಿ ಪ್ರಕಟಿಸಿದರು. ಮುಂದೆ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 279 ರೋಗಿಗಳನ್ನು ಪರೀಕ್ಷಿಸಿ 1988ರಲ್ಲಿ ವರದಿ ಬರೆದರು. ಬೇರೆ ದೇಶದ ವೈದ್ಯರು ಅಪರೂಪಕ್ಕೆ ಕಾಣುವ ಈ ರೋಗವನ್ನು ಜಗತ್ತು ಚೆನ್ನಾಗಿ ಅರಿತದ್ದು ನಮ್ಮ ಊರುಗಳ ರೋಗಿಗಳಿಂದ.

ಪರಿಹಾರ

1. ತಲೆಗೆ ಬಿಸಿನೀರು ಬೇಡ. ಉಗುರುಬೆಚ್ಚಗಿನ ನೀರನ್ನೇ ಬಳಸಿರಿ.

2. ಒಮ್ಮೆ ಮೂರ್ಛೆ ಬಂದವರು ಬಚ್ಚಲ ಬಾಗಿಲಿಗೆ ಅಗಳಿ ಹಾಕಬಾರದು. ಮನೆಯವರೊಬ್ಬರು ಹತ್ತಿರವಿರಬೇಕು. ಬಾವಿ, ಕೆರೆ, ಹೊಳೆಗಳಲ್ಲಿ ಒಂಟಿಯಾಗಿ ಇಳಿಯಬಾರದು.

3. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಕೆಲವರಿಗೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಒಂದು ಮಾತ್ರೆ ನುಂಗಿದರೆ ಸಾಕಾಗುತ್ತದೆ. ಸ್ನಾನವಿಲ್ಲದ ಹೊತ್ತಿನಲ್ಲಿಯೂ ಮೂರ್ಛೆ ಬರುವವರು ದಿನವೂ ಔಷಧ ತೆಗೆದುಕೊಳ್ಳಬೇಕು. ಗುಣವಾಯಿತೆಂದು ತಾವಾಗಿಯೇ ನಿಲ್ಲಿಸತಕ್ಕದ್ದಲ್ಲ.

ಮೂರ್ಛೆ ಬಂದಾಗ

ರೋಗಿಯನ್ನು ಬಿಸಿನೀರಿನಿಂದಲೂ ಒಲೆಯಿಂದಲೂ ದೂರ ಸರಿಸಿ, ಒಂದು ಮಗ್ಗುಲಿಗೆ ಮಲಗಿಸಿರಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಬಾಯಿಗೆ ನೀರು ಬಿಡುವುದು, ಇವು ಯಾವುವೂ ಕೂಡದು. ಐದು ನಿಮಿಷವಾದರೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಮುಚ್ಚಿಡಬೇಡಿರಿ

ಬೆಂಗಳೂರು ಸೀಮೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಿಸಿದ ಸಮೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಅದರಂತೆ ಎಲ್ಲ ಬಗೆಯ ಮೂರ್ಛೆರೋಗಗಳು ಸೇರಿ ನಗರದಲ್ಲಿ ಸಾವಿರಕ್ಕೆ ಸುಮಾರು 6 ಮಂದಿಗೆ, ಹಳ್ಳಿಯಲ್ಲಿ ಸುಮಾರು 12 ಮಂದಿಗೆ ಇದ್ದವು. ಹೀಗಿದ್ದರೂ ಮದುವೆ ತಪ್ಪೀತೆಂಬ ಭಯದಿಂದ ಹೆಣ್ಣುಮಕ್ಕಳ ರೋಗವನ್ನು ಬಚ್ಚಿಡುವವರುಂಟು. ಗಂಡನ ಮನೆಯಲ್ಲಿ ಮಾತ್ರೆ ನುಂಗಲು ಅಂಜಿ ಬಿಟ್ಟರೆ ರೋಗ ಮರುಕಳಿಸುತ್ತದೆ. ಹಿಂದೂ ವಿವಾಹ ಕಾನೂನಿನಲ್ಲಿ ಮೂರ್ಛೆರೋಗವು ಮದುವೆಗೆ ಅಡ್ಡಿಯೆಂದಿದ್ದ ಮಾತನ್ನು 1999ರಲ್ಲಿಯೇ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟ ಅಂಜಿಕೆಯನ್ನು ನಾವೇಕೆ ಹಿಡಿದುಕೊಂಡಿರಬೇಕು?

2022ರಲ್ಲಿ ರಾಜ್ಯ ಸರಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಕೂಡಿ ಮಿದುಳಿನ ಆರೋಗ್ಯದ ಯೋಜನೆಯೊಂದನ್ನು ಆರಂಭಿಸಿ, ಇಂತಹ ರೋಗಗಳನ್ನು ಗುರುತಿಸಲು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಡತೊಡಗಿದವು. ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಬಚ್ಚಲಲ್ಲಿ ಎಚ್ಚರ ತಪ್ಪಿದವರಿದ್ದರೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.