ಕೊಡಗಿನ ಜನಪದದಲ್ಲಿ ದಿಕ್ಕಿನ ಕಲ್ಪನೆ

ವಿಶ್ವಕ್ಕೆ ತನ್ನದೇ ಆದ ಒಂದು ದಿಕ್ಕು ಇದೆಯೇ, ಇಲ್ಲವೇ ದಿಕ್ಕೆಂಬುದು ನೋಡುವವನು ನಿಂತ ನೆಲೆಯಿಂದ ಮಾತ್ರ ಹುಟ್ಟುವಂಥದ್ದೇ ಎಂಬುದು ಭೌತವಿಜ್ಞಾನದ ಪ್ರಶ್ನೆ. ದಿಕ್ಕುಗಳನ್ನು ಹೆಸರಿಸಿ ಅವುಗಳಿಗೆ ಶುಭಾಶುಭಗಳನ್ನು ಆರೋಪಿಸುವ ಕೆಲಸವನ್ನು ಜನಪದ ಬಹು ಹಿಂದಿನಿಂದಲೂ ಮಾಡುತ್ತ ಬಂದಿದೆ. ಕೊಡಗಿನ ಆಚರಣೆಗಳನ್ನು ಕುರಿತ ಬರಹಗಳಲ್ಲಿ ಪೂರ್ವವೇ ಶ್ರೇಷ್ಠವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮಾತು ಸುಳ್ಳಲ್ಲ. ಆದರೆ ಅದು ಯಾರ ಪೂರ್ವ, ಯಾವ ನೆಲೆಯಿಂದ ಅಳೆದದ್ದು ಎಂದು ಕೇಳದೆ ಹೋದರೆ ಆಚರಣೆಯ ಒಳವಿವರವೇ ಕಳೆದುಹೋಗುತ್ತದೆ.

ವಿಜ್ಞಾನದ ನಿಲುವನ್ನು ಸಂಕ್ಷೇಪವಾಗಿ ಹೇಳಬಹುದು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ನಡೆಸಿದ ಪ್ರಯೋಗದಲ್ಲಿ ಬೆಳಕಿನ ವೇಗ ದಿಕ್ಕಿಗೆ ತಕ್ಕಂತೆ ಬದಲಾಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತ, ಏಕರೂಪ ಚಲನೆಯ ಯಾವ ನೆಲೆಗೂ ವಿಶೇಷ ಮನ್ನಣೆ ಕೊಡಲಿಲ್ಲ. ಆದರೂ 1965ರಲ್ಲಿ ಪ್ರಕಟವಾದ ವಿಶ್ವ ಹಿನ್ನೆಲೆ ವಿಕಿರಣದ ಶೋಧ ಒಂದು ಅನುಕೂಲದ ನೆಲೆಯನ್ನು ಒದಗಿಸಿತು. ಆ ವಿಕಿರಣಕ್ಕೆ ಹೋಲಿಸಿದರೆ ಸೂರ್ಯನು ಸೆಕೆಂಡಿಗೆ ಸುಮಾರು 370 ಕಿ.ಮೀ. ವೇಗದಲ್ಲಿ, ಸ್ಥೂಲವಾಗಿ ಸಿಂಹರಾಶಿಯ ಕಡೆಗೆ, ಚಲಿಸುತ್ತಿದ್ದಾನೆ. ಇದು ಅಳತೆಗೆ ಒದಗುವ ನೆಲೆಯೇ ಹೊರತು ನಿಸರ್ಗ ನಿಯಮಗಳು ಪಕ್ಷಪಾತದಿಂದ ಆರಿಸಿಕೊಂಡ ನೆಲೆಯಲ್ಲ. ಇದನ್ನೆಲ್ಲ ನಮ್ಮ ಹಿರಿಯರು ಮೊದಲೇ ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಜಾನಪದಕ್ಕೂ ವಿಜ್ಞಾನಕ್ಕೂ ಮಾಡುವ ಅಪಚಾರ. ಜಾನಪದ ಅಧ್ಯಯನ ಇಲ್ಲಿಂದ ಪಡೆಯಬೇಕಾದದ್ದು ಆ ಪ್ರಶ್ನೆಯನ್ನಷ್ಟೇ: ಅಳೆಯುವ ನೆಲೆ ಯಾವುದು?

ಭಾಷೆಯಲ್ಲಿ ಈ ನೆಲೆ ಸ್ಪಷ್ಟವಾಗಿ ಉಳಿದಿದೆ. ಕನ್ನಡದ ಮೂಡಣ, ಪಡುವಣಗಳು ಸೂರ್ಯನ ಮೂಡುವಿಕೆ, ಪಡುವಿಕೆಗಳಿಂದ ಬಂದವು. ತಮಿಳಿನ ಕಿೞಕ್ಕು, ಮೇರ್ಕುಗಳಲ್ಲಿ ಸೂರ್ಯನಿಲ್ಲ, ನೆಲದ ಇಳಿಜಾರಿದೆ. ಪೂರ್ವವೆಂದರೆ ಕೆಳಗು, ಪಶ್ಚಿಮವೆಂದರೆ ಮೇಲು. ಘಟ್ಟದ ಪಶ್ಚಿಮಕ್ಕಿರುವ ಕೇರಳದಲ್ಲಿ ಪೂರ್ವ ದಿಕ್ಕೇ ಎತ್ತರದ್ದು. ಆದರೂ ಮಲಯಾಳದಲ್ಲಿ ಕಿೞಕ್ಕು ಎಂಬ ಪದವೇ ಉಳಿದಿರುವುದನ್ನು ಕಾಲ್ಡ್‌ವೆಲ್ ಗುರುತಿಸಿದ್ದರು. ಕೊಡಗು ಈ ಎರಡು ಇಳಿಜಾರುಗಳ ನೆತ್ತಿಯಲ್ಲಿದೆ. ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ ಸುಮಾರು 800 ಕಿ.ಮೀ. ಹರಿದು ಬಂಗಾಳಕೊಲ್ಲಿ ಸೇರಿದರೆ, ದಕ್ಷಿಣ ಕೊಡಗಿನ ಬರಪೊಳೆ ಪಶ್ಚಿಮಕ್ಕಿಳಿದು ಕೇರಳವನ್ನು ಹೊಗುತ್ತದೆ. ನೀರನ್ನೇ ನೆಲೆಯಾಗಿಟ್ಟುಕೊಂಡರೆ ಇಲ್ಲಿ ಏಕಮಾತ್ರ 'ಕೆಳಗು' ಸಿಗದು.

ಮೂರ್ನಾಡಿನ ಸಮೀಪದ ಬಲಮುರಿಯ ಐತಿಹ್ಯ ಈ ದೃಷ್ಟಿಯಿಂದ ಬಹು ಮುಖ್ಯವಾದುದು. ಅಗಸ್ತ್ಯನ ಕಮಂಡಲದಿಂದ ಹೊರಟು ನದಿಯಾಗಿ ಹರಿದ ಕಾವೇರಿಯನ್ನು ಕೊಡವರು ಇಲ್ಲಿ ತಡೆಯಲು ನಿಂತರು. ಆಕೆ ಬಲಕ್ಕೆ ತಿರುಗಿ ರಭಸದಿಂದ ಸಾಗಿದಳು. ಆ ಸೆಳೆತಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಬೆನ್ನ ಹಿಂದಕ್ಕೆ ಸರಿದವು. ಕೊಡವತಿಯರು ನೆರಿಗೆಯನ್ನು ಹಿಂದಕ್ಕೆ ಇಟ್ಟು ಸೀರೆಯುಡುವ ರೀತಿಗೆ ಜನರು ಹೇಳುವ ಕಾರಣ ಇದು. ಐತಿಹ್ಯವನ್ನು ಉಡುಗೆಯ ಇತಿಹಾಸವೆಂದು ಓದಬೇಕಾಗಿಲ್ಲ. ಗಮನಿಸಬೇಕಾದದ್ದು 'ಬಲ' ಎಂಬ ಪದವನ್ನು. ಎದುರು ನಿಂತು ತಡೆಯುವವರಿಗೆ ನದಿ ತಿರುಗಿದ್ದು ಎಡಕ್ಕೆ; ಅದು ಬಲವಾಗುವುದು ನದಿಯ ಜೊತೆಗೆ ಸಾಗುವವರಿಗೆ ಮಾತ್ರ. ಸೀರೆಯ ಕಥೆಯನ್ನು ತಡೆದವರ ಮೈ ಉಳಿಸಿಕೊಂಡರೆ, ಸ್ಥಳನಾಮ ಕಾವೇರಿಯ ಬಲಗೈಯನ್ನು ಉಳಿಸಿಕೊಂಡಿದೆ. ಒಂದೇ ಘಟನೆಗೆ ಎರಡು ನೆಲೆಗಳು. ಹೆಸರಿಡುವ ಹಕ್ಕು ಮಾತ್ರ ದೇವಿಯದು.

ಮದುವೆಯ ಮೂರ್ತದಲ್ಲಿಯೂ ಇಂಥದೇ ವ್ಯವಸ್ಥೆಯಿದೆ. ಮುಕ್ಕಾಲಿಯ ಮೇಲೆ ಕುಳಿತವರು ಪೂರ್ವಕ್ಕೆ ಮುಖಮಾಡುತ್ತಾರೆ. ಎಂ.ಎನ್. ಶ್ರೀನಿವಾಸರು 1952ರ ತಮ್ಮ ಗ್ರಂಥದಲ್ಲಿ ಕೊಡವರ ಇಂಥ ವಿಧಿಗಳನ್ನು ವಿಸ್ತಾರವಾಗಿ ವಿವರಿಸಿದ್ದಾರೆ. ಮುಂದೆ ನಿಂತು ಅಕ್ಕಿ ಹಾಕಿ ಹರಸುವವರು ಸಹಜವಾಗಿಯೇ ಪಶ್ಚಿಮಾಭಿಮುಖರು. ಅದನ್ನು ಅಶುಭವೆಂದು ಯಾರೂ ಎಣಿಸುವುದಿಲ್ಲ. ವಿಧಿಯ ಪೂರ್ವ ಕುಳಿತವರಿಗೆ ಸಲ್ಲುವುದೇ ಹೊರತು ನೆರೆದವರಿಗೆಲ್ಲ ಅಲ್ಲ.

ಐನ್‌ಮನೆಗಳ ವಿಚಾರದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಬಹುತೇಕ ಐನ್‌ಮನೆಗಳು ಪೂರ್ವಾಭಿಮುಖವಾಗಿವೆ ಎಂಬುದನ್ನು ಇತ್ತೀಚೆಗೆ ವಾಸ್ತುಶಾಸ್ತ್ರದ ಪಾಲನೆಯೆಂದು ಸಲೀಸಾಗಿ ಬರೆದುಬಿಡುವ ರೂಢಿ ಬೆಳೆದಿದೆ. 'ಬಹುತೇಕ' ಎಂಬಲ್ಲಿಯೇ ಸಂಶೋಧನೆಗೆ ಎಡೆಯಿದೆ. ಐನ್‌ಮನೆ ನಿಲ್ಲುವುದು ಸಾಮಾನ್ಯವಾಗಿ ಗದ್ದೆಬಯಲಿನ ಮೇಲಿನ ಏರಿನಲ್ಲಿ. ಕೈಯಾಲೆಯಲ್ಲಿ ಕುಳಿತ ಹಿರಿಯರ ಕಣ್ಣಿಗೆ ಬೀಳುವುದು ಕುಲದ ಗದ್ದೆ. ಮನೆಯ ಮುಖವನ್ನು ನಿರ್ಧರಿಸಿದ್ದು ಸೂರ್ಯನೋ, ಇಳಿಜಾರೋ, ಗದ್ದೆಯೋ ಎಂಬುದು ಪ್ರತಿ ಮನೆಯಲ್ಲಿಯೂ ಬೇರೆಯಾಗಿ ಕೇಳಬೇಕಾದ ಪ್ರಶ್ನೆ. ಹಳೆಯ ಮನೆಗಳು ಬಿದ್ದು ಅದೇ ಜಾಗದಲ್ಲಿ ಹೊಸವು ಏಳುವಾಗ ಈ ಸಾಕ್ಷ್ಯ ಅಳಿಸಿಹೋಗುತ್ತದೆ. ಆದ್ದರಿಂದ ದಾಖಲಾತಿಯಲ್ಲಿ 'ಪೂರ್ವಾಭಿಮುಖ' ಎಂದಷ್ಟೇ ಬರೆಯದೆ, ದಿಕ್ಸೂಚಿ ತೋರುವ ಕೋನ, ನೆಲದ ಇಳಿಜಾರು, ಗದ್ದೆಯಿರುವ ಕಡೆ, ಓಣಿ ಬಂದು ಸೇರುವ ಬದಿ, ಕೈಮಡದ ಸ್ಥಾನ, ನೆಲ್ಲಕ್ಕಿ ನಡುಬಾಡೆಯ ದೀಪ ತೂಗುವ ಜಾಗ, ಇವಿಷ್ಟನ್ನೂ ಮನೆಯವರು ಹೇಳುವ ಕಾರಣದೊಂದಿಗೆ, ಅವರದೇ ಮಾತಿನಲ್ಲಿ ಬರೆದಿಡಬೇಕು.